ಸೂಜಿಯಕ್ಕ ಹೊಸ ಕಂಪ್ಯೂಟರಿಗೆ ಹಳೇ ಸಿಸ್ಟಂ ಹಾಕಿದ್ದು

ಸೂಜಿಯಕ್ಕನ ಕಂಪ್ಯೂಟರ್ ಸತ್ತದ್ದು ಒಂದು ಸೋಮವಾರ ಬೆಳಿಗ್ಗೆ. ಅಗ್ನಿಶಾಮಕ ಠಾಣೆಯವರ ಅರವತ್ತನಾಲ್ಕು ಅಂಗಿಗಳಲ್ಲಿ ಹದಿಮೂರನೆಯದು ಕಸೂತಿ ಯಂತ್ರದ ಚೌಕಟ್ಟಿನಲ್ಲಿ ಬಿಗಿದುಕೊಂಡು ಕೂತಿತ್ತು. ಜೇಬಿನ ಮೇಲೆ ಹೆಸರಿನ ಮೂರು ಅಕ್ಷರ ಪೂರ್ತಿ ಮೂಡಿತ್ತು, ನಾಲ್ಕನೆಯದಕ್ಕೆ ಇನ್ನೂ ಹೊಟ್ಟೆ ಬಂದಿರಲಿಲ್ಲ. ಅಷ್ಟರಲ್ಲಿ ಮೇಜಿನ ಕೆಳಗಿನಿಂದ 'ಚಟ್' ಎಂದು ಒಂದು ಸದ್ದು, ಅದರ ಹಿಂದೆಯೇ ಬಾಚಣಿಗೆ ಸುಟ್ಟಂಥ ವಾಸನೆ. ಪರದೆ ಕಪ್ಪಾಯಿತು. ಕಸೂತಿ ಯಂತ್ರ ತನಗೆ ಬಂದಷ್ಟು ಅಪ್ಪಣೆ ಹೊಲಿದು ಮುಗಿಸಿ, ಮುಂದಿನದಕ್ಕಾಗಿ ಕಾಯುತ್ತಾ ಸೂಜಿ ಎತ್ತಿ ನಿಂತುಬಿಟ್ಟಿತು.

"ರೀ, ಮುದುಕ ಹೋದ ಕಣ್ರೀ!" ಎಂದು ಅಕ್ಕ ಕೂಗಿದಳು.

ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದ ಯಜಮಾನರು ಗಾಬರಿಯಿಂದ ಸೋಸುವ ಜಾಲರಿ ಹಿಡಿದುಕೊಂಡೇ ಬಂದರು. "ಯಾವ ಮುದುಕ?"

"ನೀವಲ್ಲ. ಇನ್ನೊಬ್ಬ." ಅಕ್ಕ ಮೇಜಿನ ಕೆಳಗೆ ಬೆರಳು ತೋರಿಸಿದಳು.

ಹದಿನಾಲ್ಕು ವರ್ಷ ದುಡಿದ ಕಂಪ್ಯೂಟರ್ ಅದು. ಅಕ್ಕ ಅದರ ಹಿಂಬದಿಯನ್ನು ಮುಟ್ಟಿ ನೋಡಿದಳು. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯಂತೆ ಬಿಸಿಯಾಗಿತ್ತು. ಅಳುವವರ ಪೈಕಿ ಅವಳಲ್ಲ. ಟೀ ಕುಡಿದಳು, ಹದಿಮೂರನೆಯ ಅಂಗಿಯನ್ನು ಚೌಕಟ್ಟಿನಲ್ಲೇ ಬಿಟ್ಟು ಮೇಲೊಂದು ಬಟ್ಟೆ ಮುಚ್ಚಿದಳು, ಆಮೇಲೆ ಮಗಳಿಗೆ ಫೋನ್ ಮಾಡಿದಳು. ಮುಂದಿನ ಸೋಮವಾರಕ್ಕೆ ಅಂಗಿಗಳು ಠಾಣೆ ಸೇರಬೇಕಿತ್ತು.

ಅವಳನ್ನು ಬೀದಿಯ ಜನ ಸೂಜಿಯಕ್ಕ ಎನ್ನುತ್ತಿದ್ದುದಕ್ಕೆ ಎರಡು ಕಾರಣ. ಒಂದು ಕೈಯಲ್ಲಿ ಇದ್ದದ್ದು, ಇನ್ನೊಂದು ನಾಲಿಗೆಯಲ್ಲಿ ಇದ್ದದ್ದು. ಹದಿನಾರರ ವಯಸ್ಸಿಗೆ ಕೈಗವಸು ಕಾರ್ಖಾನೆ ಸೇರಿದವಳು ಅದು ಬಾಗಿಲು ಹಾಕುವವರೆಗೂ ಅಲ್ಲೇ ಇದ್ದಳು. ಬಾಗಿಲು ಹಾಕಿದ ದಿನ ಉಳಿದವರೆಲ್ಲ ಹೊಲಿಗೆ ಯಂತ್ರಗಳಿಗೆ ಮುಗಿಬಿದ್ದರು. ಆರು ಸೂಜಿಯ ಕಸೂತಿ ಯಂತ್ರವನ್ನು ಮಾತ್ರ ಯಾರೂ ಕಣ್ಣೆತ್ತಿ ನೋಡಲಿಲ್ಲ, ಅದರ ತಲೆ ಅಲ್ಲಾಡುತ್ತಿತ್ತು. ಅಕ್ಕ ಅದನ್ನು ಕೈಗಾಡಿಯಲ್ಲಿ ಹೇರಿ, ತಲೆಗೆ ಎರಡು ರಗ್ಗು ಸುತ್ತಿ, ಜ್ವರ ಬಂದವರನ್ನು ಕರೆತರುವ ಹಾಗೆ ಮನೆಗೆ ತಂದಳು. ಮುಂದಿನ ಕೋಣೆಯ ಬಾಗಿಲ ಚೌಕಟ್ಟು ಕಿತ್ತು ಒಳಗೆ ಸೇರಿಸಿದ್ದಾಯಿತು. ಜೊತೆಗೆ ಬಂದ ಪುಸ್ತಕ ಅವಳಿಗೆ ಬಾರದ ಭಾಷೆಯಲ್ಲಿತ್ತು. ಆದರೆ ಪುಟಪುಟಕ್ಕೂ ಚಿತ್ರ. ಚಿತ್ರದಲ್ಲಿ ಟೈ ಕಟ್ಟಿದ ಒಬ್ಬ ಮನುಷ್ಯ. ಸರಿಯಾಗಿ ಮಾಡಿದರೆ ಅವನು ನಗುತ್ತಾನೆ, ತಪ್ಪು ಮಾಡಿದರೆ ಹಣೆ ಗಂಟಿಕ್ಕುತ್ತಾನೆ. ಅಕ್ಕ ಅವನಿಗೆ ಟೈ ಮಾಮ ಎಂದು ಹೆಸರಿಟ್ಟು, ಅವನ ಹಣೆಯನ್ನೇ ಓದಿ ಓದಿ ವಿದ್ಯೆ ಕಲಿತಳು. ಕಂಪ್ಯೂಟರಿನಲ್ಲಿ ನಮೂನೆ ಬರೆಯುವುದು, ಅದನ್ನು ತಂತಿಯ ಮೂಲಕ ಯಂತ್ರಕ್ಕೆ ಕಳಿಸುವುದು, ದಾರ ತುಂಡಾದರೆ ಎಲ್ಲಿಂದ ಮತ್ತೆ ಶುರುಮಾಡಬೇಕು ಎನ್ನುವುದು, ಎಲ್ಲವನ್ನೂ. ಊರಿನ ಆಸ್ಪತ್ರೆ, ಬೇಕರಿ, ಫುಟ್‌ಬಾಲ್ ತಂಡ, ಎಲ್ಲರ ಎದೆಯ ಮೇಲೂ ಅವಳ ಅಕ್ಷರ ಇತ್ತು.

ಎದೆಯ ಮೇಲಷ್ಟೇ ಅಲ್ಲ. ಒಮ್ಮೆ ಒಬ್ಬ ಮೇಸ್ತ್ರಿ "ಅಕ್ಷರ ಸ್ವಲ್ಪ ಸೊಟ್ಟ" ಎಂದು ತನ್ನ ಅಂಗಿಯನ್ನು ಮೂರು ಸಲ ವಾಪಸು ತಂದಿದ್ದ. ಮೂರನೇ ಸಲ ಅಕ್ಕ ಅಂಗಿಯನ್ನು ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿ ಕೊಟ್ಟಳು. ಕಾಲರಿನ ಒಳಮಡಿಕೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕತ್ತೆಯೊಂದು ಹಲ್ಲು ಬಿಡುತ್ತಿತ್ತು. ಬೀದಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಇವತ್ತಿಗೂ ಅವನು ಎದುರು ಸಿಕ್ಕರೆ ಅಕ್ಕ ಎದ್ದು ನಿಂತು ಮರ್ಯಾದೆ ಕೊಡುತ್ತಾಳೆ.

ಮಂಗಳವಾರ ಸಂಜೆ ಅಳಿಯ ಬಂದ. ಅಗಲ ರಸ್ತೆಯ ಮೂಲೆಯಲ್ಲಿರುವ ದೊಡ್ಡ ಕಂಪ್ಯೂಟರ್ ಮಳಿಗೆಯಲ್ಲಿ ಅವನು ಮಾರಾಟದವನು. ಪ್ಯಾಂಟಿನ ಮಡಿಕೆ ಚಾಕುವಿನಂತೆ, ಮಾತು ಬೆಣ್ಣೆಯಂತೆ. ಒಳ್ಳೆಯ ಹುಡುಗನೇ, ಆದರೆ ಬಾಗಿಲ ಚಿಲಕವನ್ನು ಕಂಡರೂ ಅಪ್‌ಡೇಟ್ ಮಾಡಬೇಕೆನ್ನುವ ಸ್ವಭಾವ. ಮಗಳು ಹಿಂದೆ, ಅವನು ಮುಂದೆ, ನಡುವೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ.

"ಅತ್ತೆ, ಇದು ನಮ್ಮ ಕಡೆಯಿಂದ ನಿಮಗೆ. ಮಳಿಗೆಯಲ್ಲಿರೋದರಲ್ಲೇ ಹೊಸದು. ಸಿಸ್ಟಂ ಅಂತೂ ಹೋದ ತಿಂಗಳು ಬಂದಿರೋದು."

ಅಕ್ಕನಿಗೆ ನಿಜವಾಗಿಯೂ ಸಂತೋಷವಾಯಿತು. ಅವನು ತಂತಿಗಳನ್ನೆಲ್ಲ ಜೋಡಿಸಿ ಗುಂಡಿ ಒತ್ತಿದಾಗ ಅಗಲವಾದ ಪರದೆ ಬೆಳಗಿತು. ಹಿನ್ನೆಲೆಯಲ್ಲಿ ಮನೆಮಂದಿಯೆಲ್ಲ ನಿಂತ ಫೋಟೋ. ಮಗಳು ಹಾಕಿಸಿದ್ದಳು. ಅಕ್ಕ ದಾರದ ಉಂಡೆಗಳ ಡಬ್ಬಿಯಿಂದ ತನ್ನ ಕಸೂತಿ ಪ್ರೋಗ್ರಾಮಿನ ಸಿ.ಡಿ. ತೆಗೆದುಕೊಟ್ಟಳು. ಅಳಿಯ ಹಾಕಿದ. 'ಈ ಪ್ರೋಗ್ರಾಂ ಈ ಸಿಸ್ಟಂನಲ್ಲಿ ನಡೆಯುವುದಿಲ್ಲ' ಎಂದಿತು ಪರದೆ. ಇನ್ನೊಮ್ಮೆ ಹಾಕಿದ. ಇನ್ನೊಮ್ಮೆ ಅಂದಿತು.

"ತುಂಬ ಹಳೇದು ಅತ್ತೆ. ಬಿಸಾಕಿ. ಈಗ ಹೊಸಾ ಹೊಸಾ ಪ್ರೋಗ್ರಾಂ ಬಂದಿದೆ."

"ನನ್ನ ನಮೂನೆಗಳು?"

"ಅವನ್ನ ಮತ್ತೆ ಬರ್ಕೋಬೇಕಾಗತ್ತೆ."

"ಎರಡು ಸಾವಿರದ ನಾನೂರನ್ನೂ?"

ಅಳಿಯ ಕಿವಿಯ ಹಿಂದೆ ಕೆರೆದುಕೊಂಡ. "ನಿಧಾನಕ್ಕೆ ಮಾಡಿದರಾಯ್ತು."

"ಇದಕ್ಕೆ ಆ ಹಳೇ ಸಿಸ್ಟಮ್ಮೇ ಹಾಕಕ್ಕಾಗಲ್ವಾ? ಅದರ ಸಿ.ಡಿ.ನೂ ಇದೆ ನನ್ನ ಹತ್ರ."

ಅಳಿಯ ನಕ್ಕ. ಕೆಟ್ಟ ನಗುವಲ್ಲ, ಮಗು ಚಂದ್ರ ಬೇಕು ಅಂದರೆ ದೊಡ್ಡವರು ನಗುವಂಥ ನಗು. "ಅಯ್ಯೋ, ಆಗಲ್ಲ ಅತ್ತೆ. ಹೊಸ ಮಷೀನಿಗೆ ಹಳೇದು ಹಿಡಿಸಲ್ಲ. ಇದೆಲ್ಲ ನಿಮಗೆ ಗೊತ್ತಾಗಲ್ಲ, ಬಿಡಿ."

ಬೈದರೂ ಅಕ್ಕ ಸಹಿಸುತ್ತಿದ್ದಳು. 'ನಿಮಗೆ ಗೊತ್ತಾಗಲ್ಲ' ಎಂದರೆ ಮಾತ್ರ ಅವಳ ಎಡಹುಬ್ಬು ಒಂದು ನೂಲಿನಷ್ಟು ಮೇಲೇರುತ್ತಿತ್ತು. ಯಜಮಾನರು ಅದನ್ನು ನೋಡಿದರು, ಮಗಳೂ ನೋಡಿದಳು. ಇಬ್ಬರೂ ತಮ್ಮ ತಮ್ಮ ಟೀ ಲೋಟದೊಳಗೆ ಇಣುಕಿದರು.

"ಆಗಲಪ್ಪ ಅಳಿಯಂದ್ರೇ," ಎಂದಳು ಅಕ್ಕ, ಬಹಳ ಮೆತ್ತಗೆ.

ಬುಧವಾರ ಬೆಳಿಗ್ಗೆ ಎಂಟಕ್ಕೆಲ್ಲ ಅವಳು ಹೊಸ ಕಂಪ್ಯೂಟರಿನ ಮುಂದೆ ಕನ್ನಡಕ ಏರಿಸಿ ಕೂತಿದ್ದಳು. ಯಜಮಾನರು ಪಕ್ಕದ ಸ್ಟೂಲಿನ ಮೇಲೆ. ಅವರು ಮೂವತ್ತೆರಡು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದವನ ಕಿವಿ ಮೊದಲು ಕೆಂಪಾಗುತ್ತದೆ ಎಂಬುದು ಅವರ ಸಿದ್ಧಾಂತ. ಅಷ್ಟು ವರ್ಷ ಸುಳ್ಳರನ್ನೇ ಹಿಡಿದ ಮನುಷ್ಯನಿಗೆ ತಾನೊಂದು ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಹೊರಟರೆ ಅವರದೇ ಕಿವಿ ಬೀಟ್‌ರೂಟಿನಂತಾಗುತ್ತಿತ್ತು.

"ಏನೇ, ಅವನಿಗೆ ಒಂದು ಮಾತು ಹೇಳಿ ಮಾಡು," ಎಂದರು.

"ಆದ ಮೇಲೆ ಹೇಳೋಣ. ಆಗದಿದ್ದರೆ ಹೇಳೋದೇ ಬೇಡ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಏನೇ ಆಗಲಿ, ಮನೆಮಂದಿಯ ಫೋಟೋ ಇರುವ ಆ ಪರದೆಯ ನೆನಪು ಇರಲಿ ಎಂದು, ಮಗಳು ಹಿಂದೆ ಹೇಳಿಕೊಟ್ಟಿದ್ದ ಗುಂಡಿ ಒತ್ತಿ ಇಡೀ ಪರದೆಯದೊಂದು ಚಿತ್ರ ತೆಗೆದು, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಳು. ಆಮೇಲೆ ಹಳೇ ಸಿಸ್ಟಮ್ಮಿನ ಸಿ.ಡಿ. ಹಾಕಿ ಮತ್ತೆ ಶುರುಮಾಡಿದಳು. ನೀಲಿ ಪುಟ ಬಂತು. ಮುಂದುವರಿಯಲು ಎಂಟರ್ ಒತ್ತಿ ಎಂದಿತು. ಒತ್ತಿದಳು. ಏನೂ ಆಗಲಿಲ್ಲ. ಜೋರಾಗಿ ಒತ್ತಿದಳು. ಎರಡು ಕೈಯಲ್ಲಿ ಒತ್ತಿದಳು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ನೀಲಿ ಪುಟ ಹಾಗೇ ನಿಂತಿತ್ತು.

"ಕೇಳೋದೂ ಅದೇ, ಹೇಳಿದ್ರೆ ಕೇಳಿಸ್ಕೊಳ್ಳದೇ ಇರೋದೂ ಅದೇ," ಎಂದಳು. "ನಿಮ್ಮ ಹಾಗೇ ಇದೆ, ನೋಡಿ."

ಎರಡು ಬೀದಿ ಆಚೆ ಗುಜರಿ ಅಂಗಡಿ ಇತ್ತು. ಹಳೇ ರೇಡಿಯೋ, ಫ್ಯಾನು, ಕಂಪ್ಯೂಟರುಗಳ ಬೆಟ್ಟದ ನಡುವೆ ಅರ್ಧ ನರೆತ ಗಡ್ಡದ ಒಬ್ಬ ಮನುಷ್ಯ ಕಾಲು ಚಾಚಿ ಕೂತಿರುತ್ತಿದ್ದ. ಅವನ ಏಪ್ರನ್ನಿನ ಮೇಲೆ 'ಬಿಸಾಕಬೇಡಿ' ಎಂದು ಹೊಲಿದುಕೊಟ್ಟವಳು ಅಕ್ಕನೇ.

"ಅಕ್ಕಾ, ಹಳೇ ಸಿಸ್ಟಂ ಹುಟ್ಟಿದಾಗ ಕೀಬೋರ್ಡಿನ ತುದಿ ದುಂಡಗಿರ್ತಿತ್ತು. ಈಗ ಚಪ್ಪಟೆ. ಚಪ್ಪಟೆಯವರ ಮಾತು ಅದಕ್ಕೆ ಕೇಳಿಸಲ್ಲ. ತಗೊಳ್ಳಿ, ದುಂಡು ತುದೀದು. ನಿಮ್ಮ ಹೊಸ ಪೆಟ್ಟಿಗೆ ಹಿಂದೆ ಒಂದೇ ಒಂದು ದುಂಡು ತೂತು ಇರತ್ತೆ, ನೋಡಿ. ಯಾಕಿಟ್ಟಿದ್ದಾರೋ ಗೊತ್ತಿಲ್ಲ, ನಿಮಗೇ ಅಂತ ಇಟ್ಟಿರಬೇಕು."

ಇತ್ತು. ಸಿಕ್ಕಿಸಿದಳು. ಎಂಟರ್ ಒತ್ತಿದಳು. ಪುಟ ಮುಂದೆ ಹೋಯಿತು! ಯಜಮಾನರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಇನ್ನೊಂದು ಪುಟ ಬಂದು ಹೇಳಿತು: ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕೇ ಇಲ್ಲ.

"ಇಲ್ವಂತೆ," ಎಂದರು ಯಜಮಾನರು.

"ನಿನ್ನೆ ಇತ್ತಲ್ರೀ! ರಾತ್ರಿ ಎದ್ದು ಎಲ್ಲಿಗೆ ಹೋಯ್ತು ಅದು?"

ಮತ್ತೆ ಎರಡು ಬೀದಿ ನಡೆದಳು. ಗುಜರಿಯವನು ಈ ಸಲ ಕಾಲು ಮಡಿಚಿ ನೆಟ್ಟಗೆ ಕೂತ. ವಿಷಯ ಅವನಿಗೂ ರುಚಿಸತೊಡಗಿತ್ತು.

"ಡಿಸ್ಕ್ ಅಲ್ಲೇ ಇದೆ ಅಕ್ಕಾ, ಭಾಷೆ ಬೇರೆ ಅಷ್ಟೇ. ಆನ್ ಮಾಡಿದ ಕೂಡಲೇ ಡಿಲೀಟ್ ಗುಂಡಿ ಒತ್ತುತ್ತಾ ಇರಿ, ಒಳಗಿನ ಪುಟ ತೆರ್ಕೊಳ್ಳತ್ತೆ. ಅಲ್ಲಿ ಡಿಸ್ಕ್ ಅಂತ ಇರೋ ಕಡೆ ಎ, ಎಚ್, ಸಿ, ಐ ಅಂತ ನಾಲ್ಕಕ್ಷರ ಇರತ್ತೆ. ಅದನ್ನ ಐ, ಡಿ, ಇ ಅಂತ ಬದಲಾಯಿಸಿ. ಮೂರೇ ಅಕ್ಷರ. ಡಿಸ್ಕು ಹಳೇ ಭಾಷೆ ಮಾತಾಡಕ್ಕೆ ಶುರುಮಾಡತ್ತೆ. ಉಳಿದದ್ದು ಏನೂ ಮುಟ್ಟಬೇಡಿ, ನನ್ನಾಣೆ."

ಅಕ್ಕ ಉಳಿದದ್ದು ಏನೂ ಮುಟ್ಟಲಿಲ್ಲ. ಮೂರಕ್ಷರ ಮಾಡಿದಳು. ಡಿಸ್ಕು ಸಿಕ್ಕಿತು. ಕರಾರಿಗೆ ಒಪ್ಪಿಗೆಯಿದ್ದರೆ ಇಂಥ ಗುಂಡಿ ಒತ್ತಿ ಎಂದಿತು, ಒತ್ತಿದಳು. ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ನಿಜವಾಗಿಯೂ ಮುಂದುವರಿಯಬೇಕೆ ಎಂದಿತು. ಅಲ್ಲಿ ಮಾತ್ರ ಅವಳ ಬೆರಳು ಗಾಳಿಯಲ್ಲೇ ನಿಂತಿತು. ಅಳಿಯ ಅಷ್ಟು ಪ್ರೀತಿಯಿಂದ ಹೊತ್ತು ತಂದದ್ದು. ಅವನು ಬಗ್ಗಿ ತಂತಿ ಸಿಕ್ಕಿಸುವಾಗ ಮಡಿಕೆಯ ಪ್ಯಾಂಟಿನ ಮೊಣಕಾಲಿಗೆ ಧೂಳು ಮೆತ್ತಿದ್ದು, ಅವನು ಅದನ್ನು ಒರೆಸಿಕೊಳ್ಳದೆ ಇದ್ದದ್ದು ನೆನಪಾಯಿತು. ಪಕ್ಕದಲ್ಲಿ ಬಟ್ಟೆ ಮುಚ್ಚಿಕೊಂಡು ಹದಿಮೂರನೆಯ ಅಂಗಿ ಕೂತಿತ್ತು, ಅದರ ಹಿಂದೆ ಇನ್ನೂ ಐವತ್ತೊಂದು.

"ಕ್ಷಮಿಸಪ್ಪ," ಎಂದು ಒತ್ತಿದಳು.

ಆಮೇಲೆ ಇಪ್ಪತ್ತೈದು ಅಕ್ಷರಗಳ ಗುರುತಿನ ಸಂಖ್ಯೆ ಕೇಳಿತು. ಸಿ.ಡಿ.ಯ ಲಕೋಟೆಯ ಮೇಲೆ ಬರೆದಿದ್ದ ಶಾಯಿ ಒಂದು ಕಡೆ ಹರಡಿ, ಅದು ಎಂಟೋ ಇಂಗ್ಲಿಷಿನ ಬಿ ಅಕ್ಷರವೋ ತಿಳಿಯದಂತಾಗಿತ್ತು. ಯಜಮಾನರು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಸ್ಸಿನ ಕಿರಿದಾದ ನಡುದಾರಿಯಲ್ಲಿ ನಿಂತಂತೆ ಕಾಲು ಅಗಲಿಸಿ ನಿಂತು ತೀರ್ಪು ಕೊಟ್ಟರು: "ಬಿ. ಬೆನ್ನು ನೆಟ್ಟಗಿದೆ." ಬಿ ಆಗಿತ್ತು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಹಳೇ ಸಿಸ್ಟಂ ಹೊಸ ಪೆಟ್ಟಿಗೆಯಲ್ಲಿ ಸಂಸಾರ ಹೂಡಿತ್ತು. ಪರದೆಯ ಬಣ್ಣ ತುಸು ಹಸಿರಿಗೆ ತಿರುಗಿತ್ತು, ಅಕ್ಷರಗಳು ಕುಂಬಳಕಾಯಿಯ ಗಾತ್ರ. "ಒಳ್ಳೇದೇ ಆಯ್ತು, ಕನ್ನಡಕದ ಖರ್ಚು ಉಳೀತು," ಎಂದಳು ಅಕ್ಕ. ಕಸೂತಿ ಯಂತ್ರದ ತಂತಿ ಸಿಕ್ಕಿಸಲು ಜಾಗವಿರಲಿಲ್ಲ. ಗುಜರಿಯವನೇ ಆ ತಂತಿಗೆ ತಕ್ಕ ತೂತಿರುವ ಒಂದು ಕಾರ್ಡಿನ ಪಟ್ಟಿ ಹಿಡಿದು ಬಂದು, ಪೆಟ್ಟಿಗೆಯ ಪಕ್ಕೆ ಬಿಚ್ಚಿ, ಒಳಗಿನ ಹಲ್ಲುಸಾಲಿಗೆ ಅದನ್ನು ಕಚ್ಚಿಸಿಕೊಟ್ಟ. ಅಕ್ಕ ಪ್ರೋಗ್ರಾಂ ತೆರೆದಳು. ಎರಡು ಸಾವಿರದ ನಾನೂರು ನಮೂನೆಗಳೂ ಅವಳು ಆಗಾಗ ತುಂಬಿಸಿಟ್ಟಿದ್ದ ಸಿ.ಡಿ.ಗಳಿಂದ ಒಂದೊಂದಾಗಿ ಇಳಿದವು. ಹದಿಮೂರನೆಯ ಅಂಗಿಯ ನಾಲ್ಕನೆಯ ಅಕ್ಷರಕ್ಕೆ ಹೊಟ್ಟೆ ಬಂತು, ಬಾಲವೂ ಬಂತು. ಸೋಮವಾರ ಬೆಳಿಗ್ಗೆ ಅರವತ್ತನಾಲ್ಕೂ ಠಾಣೆ ಸೇರಿದವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅಂದು ಸಂಜೆ ಅಳಿಯನ ಫೋನ್ ಬಂತು.

"ಅತ್ತೆ, ಅಂಗಿ ಎಲ್ಲಾ ಕೊಟ್ಟುಬಿಟ್ರಂತೆ! ಹೊಸದರಲ್ಲೇ ಮಾಡಿದ್ರಾ?"

"ನೀವು ತಂದುಕೊಟ್ಟಿದ್ದರಲ್ಲೇ ಮಾಡಿದ್ದು. ಅದಿಲ್ಲದೇ ಹೋಗಿದ್ರೆ ಆಗ್ತಾನೇ ಇರಲಿಲ್ಲ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಳಿಯನಿಗೆ ಮಾತ್ರ ಹಿಗ್ಗಿನಲ್ಲಿ ನೆಲ ಕಾಣದಾಯಿತು. ಮರುದಿನವೇ ಮಳಿಗೆಯ ಸಾಹುಕಾರರ ಕಿವಿಗೆ ಹಾಕಿದ. ಅರವತ್ತೊಂದು ವರ್ಷದ ನಮ್ಮತ್ತೆ ಹೊಸ ಸಿಸ್ಟಮ್ಮನ್ನು ಮೂರೇ ದಿನದಲ್ಲಿ ಕಲಿತರು ಎಂದ. ಸಾಹುಕಾರರಿಗೆ ಇನ್ನೇನು ಬೇಕು? ಬುಧವಾರ ಮಧ್ಯಾಹ್ನ ತಾವೇ ಬಂದು ನೋಡುತ್ತೇವೆ, ಫೋಟೋ ತೆಗೆದು ಮಳಿಗೆಯ ಗಾಜಿನ ಮೇಲೆ ದೊಡ್ಡದಾಗಿ ಅಂಟಿಸುತ್ತೇವೆ, ಕೆಳಗೆ 'ಅಜ್ಜಿಗೂ ಸಲೀಸು' ಎಂದು ಬರೆಸುತ್ತೇವೆ ಎಂದರು.

"ಅಜ್ಜಿಯಂತೆ!" ಎಂದಳು ಅಕ್ಕ, ಈ ಸುದ್ದಿ ಹೇಳಿದ ಅಳಿಯನ ಫೋನ್ ಇಟ್ಟ ಮೇಲೆ.

"ಈಗಲಾದರೂ ಹೇಳಿಬಿಡೇ," ಎಂದರು ಯಜಮಾನರು. ಯಾರೂ ಏನೂ ಕೇಳದಿದ್ದರೂ ಅವರ ಕಿವಿಯ ತುದಿ ಆಗಲೇ ಬೆಚ್ಚಗಾಗಿತ್ತು.

ಹೇಳಬಹುದಿತ್ತು. ಆದರೆ ಸಾಹುಕಾರರ ಮುಂದೆ ಅಳಿಯನ ಮುಖ ಹೋಗುತ್ತದಲ್ಲ ಎಂಬುದು ಒಂದು, ಸುಲಭವಾಗಿ ಬಿಟ್ಟುಕೊಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಎಂದು ಯಜಮಾನರು ಇವತ್ತಿಗೂ ಹೇಳುತ್ತಾರೆ. ಅಕ್ಕ ಪೆನ್‌ಡ್ರೈವ್ ತೆಗೆದು, ಹೊಸ ಸಿಸ್ಟಮ್ಮಿನ ಪರದೆಯ ಆ ಚಿತ್ರವನ್ನು ಹಳೇ ಸಿಸ್ಟಮ್ಮಿಗೆ ಹಿನ್ನೆಲೆಯಾಗಿ ಹಾಕಿದಳು. ಹಳೇ ಸಿಸ್ಟಮ್ಮಿನ ಗುರುತುಗಳನ್ನೆಲ್ಲ ಅಡಗಿಸಿದಳು, ಕೆಳಗಿನ ಪಟ್ಟಿಯನ್ನು ಅಂಚಿನೊಳಗೆ ಮಡಿಚಿಟ್ಟಳು. ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಥೇಟ್ ಹೊಸದು. ಮನೆಮಂದಿಯೆಲ್ಲ ಸ್ವಲ್ಪ ಹಸಿರಾಗಿದ್ದರು, ಅಷ್ಟೇ.

ಸಾಹುಕಾರರು ಭಾರೀ ಆಳು. ಒಳಗೆ ಬಂದಾಗ ಮುಂದಿನ ಕೋಣೆ ಅರ್ಧ ತುಂಬಿಹೋಯಿತು. ಕಸೂತಿ ಯಂತ್ರ, ದಾರದ ಕಪಾಟು, ಮೇಜು, ಅಕ್ಕ, ಯಜಮಾನರು, ಅಳಿಯ, ಎಲ್ಲರೂ ಉಳಿದರ್ಧದಲ್ಲಿ. ಅಕ್ಕ ಅವರ ಕಣ್ಣು ಪರದೆಯ ಕಡೆ ಹೋಗುವ ಮೊದಲೇ ಕೇಳಿದಳು: "ನಿಮ್ಮ ಕರವಸ್ತ್ರ ಕೊಡಿ ಸಾಹುಕಾರ್ರೇ, ಹೆಸರಿನ ಮೊದಲಕ್ಷರ ಹೊಲಿದುಕೊಡ್ತೀನಿ." ನಮೂನೆ ಮೊದಲೇ ಯಂತ್ರದೊಳಗೆ ಹೋಗಿ ಕೂತಿತ್ತು. ಆರು ಸೂಜಿಗಳ ತಲೆ ಗಡಗಡನೆ ಓಡಿ ನಿಂತಿತು. ಸಾಹುಕಾರರು ಕರವಸ್ತ್ರ ನೋಡಿ ಮಗುವಿನಂತೆ ಹಿಗ್ಗಿದರು. ಹಿಗ್ಗಿ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆಯೇ ಕೂತರು.

"ನೋಡೋಣಮ್ಮಾ, ಏನೇನು ಕಲ್ತಿದೀರಿ," ಎಂದು ಮೌಸ್ ಹಿಡಿದು ಪರದೆಯ ಮೇಲೊಂದು ಗುರುತು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ಯೋಚನೆ ಮಾಡ್ತಿದೆ," ಎಂದಳು ಅಕ್ಕ. "ಹೊಸದಲ್ವಾ, ನಾಚಿಕೆ ಜಾಸ್ತಿ."

"ಟೈಮು ಎಂಟು ಏಳು ತೋರಿಸ್ತಿದೆ. ಈಗ ಮೂರೂವರೆ."

"ಅದು ಬೇರೆ ದೇಶದ ಟೈಮು ಇರಬೇಕು. ಅಲ್ಲೇ ಮಾಡಿದ್ದಲ್ವಾ."

ಅಳಿಯ ಅತ್ತೆಯ ಮುಖ ನೋಡಿದ. ಪರದೆಯಲ್ಲಿನ ತನ್ನ ಹಸಿರು ಮುಖವನ್ನೂ ನೋಡಿದ. ಏನೋ ಹೊಳೆಯುತ್ತಿತ್ತು, ಪೂರ್ತಿ ಹೊಳೆದಿರಲಿಲ್ಲ. ಸಾಹುಕಾರರು ಯಜಮಾನರ ಕಡೆ ತಿರುಗಿದರು. "ಏನ್ ಸಾರ್, ಮನೆಯವರು ದಿನಾ ಇದರಲ್ಲೇ ಕೆಲಸ ಮಾಡ್ತಾರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಜಮಾನರು ಎರಡೂ ಕೈಯಿಂದ ಎರಡೂ ಕಿವಿ ಮುಚ್ಚಿಕೊಂಡರು.

"ಅವರಿಗೆ ಕಿವಿನೋವು," ಎಂದಳು ಅಕ್ಕ.

ಸಾಹುಕಾರರು ಪಾಪ ಎಂದು ಅವರ ಹತ್ತಿರ ಹೋಗಲೆಂದು ಕುರ್ಚಿ ಹಿಂದೆ ತಳ್ಳಿದರು. ಅವರ ಬೂಟು ಮೇಜಿನ ಕೆಳಗಿದ್ದ ಸ್ವಿಚ್ಚಿಗೆ ತಗುಲಿತು. ಕಂಪ್ಯೂಟರ್ ಆರಿತು. "ಅಯ್ಯೋ, ತಪ್ಪಾಯ್ತಮ್ಮಾ," ಎಂದು ತಾವೇ ಬಗ್ಗಿ ಸ್ವಿಚ್ಚು ಹಾಕಿ, ತಾವೇ ಗುಂಡಿ ಒತ್ತಿದರು.

ಅಕ್ಕ ಕಣ್ಣು ಮುಚ್ಚಿದಳು. ಇನ್ನು ಯಾವ ಕೈಚಳಕವೂ ನಡೆಯದು. ಪರದೆ ಕಪ್ಪಾಯಿತು, ಹಳೇ ಸಿಸ್ಟಮ್ಮಿನ ಲಾಂಛನ ಬಂತು, ಕೊನೆಗೆ ಆ ರಾಗ ಬಂತು. ಎಷ್ಟೋ ವರ್ಷ ಎಲ್ಲ ಕಚೇರಿಗಳಲ್ಲೂ ಬೆಳಿಗ್ಗೆ ಬೆಳಿಗ್ಗೆ ಕೇಳಿಬರುತ್ತಿದ್ದ ರಾಗ. ಕಸೂತಿ ಯಂತ್ರದ ಸದ್ದಿನಲ್ಲಿ ಕೇಳಿಸಲಿ ಎಂದು ಅಕ್ಕ ಸ್ಪೀಕರನ್ನು ಪೂರ್ತಿ ಏರಿಸಿಟ್ಟಿದ್ದಳು. ಕಿಟಕಿಯ ಗಾಜು ನಡುಗಿತು.

ಅಳಿಯ ಇಂಗು ತಿಂದ ಮಂಗನಂತೆ ನಿಂತಿದ್ದ. "ಅತ್ತೆ... ಇದು... ಇದಕ್ಕೆ ಅದು ಹೇಗೆ..."

ಸಾಹುಕಾರರು ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಕೇಳಿದರು: "ಡಿಸ್ಕೇ ಇಲ್ಲ ಅನ್ನಲಿಲ್ವಾ ಅಮ್ಮಾ?"

"ಅಂತು. ಭಾಷೆ ಬದಲಾಯಿಸಿದೆ."

"ಕೀಬೋರ್ಡು?"

"ದುಂಡು ತುದೀದು."

ಸಾಹುಕಾರರು ಕುರ್ಚಿಯಲ್ಲಿ ಮತ್ತೆ ಕುಸಿದು ಕೂತರು. "ಹಲ್ಲಿನ ಡಾಕ್ಟರು ಬಂದಿದ್ರು, ಅವರ ಎಕ್ಸ್‌ರೇ ಮಷೀನಿಗೆ ಹಳೇ ಸಿಸ್ಟಮ್ಮೇ ಬೇಕಂತೆ. ಲಾರಿ ತೂಕ ಹಾಕೋರು ಬಂದಿದ್ರು. ಮುದ್ರಣಾಲಯದೋರು ಎರಡು ಸಲ ಬಂದ್ರು. ಹೊಸ ಕಂಪ್ಯೂಟರಿನಲ್ಲಿ ಅದು ಆಗಲ್ಲ ಅಂತ ಎಲ್ಲರನ್ನೂ ವಾಪಸು ಕಳಿಸಿದ್ವಿ."

"ಆಗಲ್ಲ ಅಂತ ಹೇಳಿದ್ಯಾರು?" ಎಂದಳು ಅಕ್ಕ, ಏನೂ ಅರಿಯದವಳಂತೆ.

ಸಾಹುಕಾರರು ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಅಳಿಯನ ಕಿವಿ ಕೆಂಪಾದದ್ದನ್ನು ಯಜಮಾನರು ಮೊದಲು ಗಮನಿಸಿದರು. ಗಮನಿಸಿ, ತಮ್ಮ ಕಿವಿಯ ಮೇಲಿಂದ ಕೈ ತೆಗೆದರು.

ಸಾಹುಕಾರರು ಹೋದ ಮೇಲೆ ಅಳಿಯ ಹೊಸ್ತಿಲಲ್ಲೇ ಕೂತುಬಿಟ್ಟ. ಬೂಟಿನ ದಾರ ಕಟ್ಟುವ ನೆಪ.

"ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ."

"ಕೇಳಿದ್ನಲ್ಲಪ್ಪ ಮಂಗಳವಾರ. ನಕ್ಕುಬಿಟ್ರಿ."

ಅವನು ದಾರ ಬಿಚ್ಚಿ ಮತ್ತೆ ಕಟ್ಟಿದ. "ನಾನು ಯಾವತ್ತೂ ಮಾಡಿ ನೋಡಿರಲಿಲ್ಲ. ಆಗಲ್ಲ ಅಂತ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ."

ಇಷ್ಟು ನೇರವಾಗಿ ಅವನು ಮಾತಾಡಿದ್ದು ಅದೇ ಮೊದಲು. ಅಕ್ಕನಿಗೆ ಅಯ್ಯೋ ಅನಿಸಿತು. "ನಿಮ್ಮ ಪೆಟ್ಟಿಗೆ ಗಟ್ಟಿ ಇದೆ ಅಳಿಯಂದ್ರೇ," ಎಂದಳು. "ಅದು ಗಟ್ಟಿ ಇಲ್ಲದಿದ್ರೆ ನನ್ನ ಹಳೇದನ್ನ ಹೊರ್ತಿತ್ತಾ? ಬನ್ನಿ ಒಳಗೆ, ಟೀ ಆರತ್ತೆ."

ಒಪ್ಪಂದ ಆದದ್ದು ಹೀಗೆ: ಮಳಿಗೆಯಲ್ಲಿ ಹೊಸ ಕಂಪ್ಯೂಟರಿಗೆ ಹಳೇ ಸಿಸ್ಟಂ ಹಾಕಿಕೊಡುವ ವಿಭಾಗ ಒಂದು ಶುರು. ನೋಡಿಕೊಳ್ಳುವವನು ಅಳಿಯ. ಕಲಿಸುವವಳು ಅತ್ತೆ. ದುಂಡು ತುದಿಯ ಕೀಬೋರ್ಡು, ಹಲ್ಲುಸಾಲಿನ ಪಟ್ಟಿ ಮುಂತಾದ್ದೆಲ್ಲ ಗುಜರಿಯವನ ಅಂಗಡಿಯಿಂದಲೇ ಬರಬೇಕು. ಗಾಜಿನ ಮೇಲೆ ಫೋಟೋ ಅಂಟಿಸಬಾರದು. ಅಂಟಿಸಿದರೂ 'ಅಜ್ಜಿ' ಎನ್ನಬಾರದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಕಾಲವಿನ್ನೂ ಅತ್ತೆಯ ಕೈ ಬಿಟ್ಟಿರಲಿಲ್ಲ, ಸಿಕ್ಕವನು ಅಳಿಯ.

ಮೂರು ಭಾನುವಾರ ಅಳಿಯ ಮಡಿಕೆಯ ಪ್ಯಾಂಟು ಮಡಿಚಿ ಮುಂದಿನ ಕೋಣೆಯ ನೆಲದ ಮೇಲೆ ಕೂತು ಪಾಠ ಹೇಳಿಸಿಕೊಂಡ. ಅಕ್ಕ ಒಳ್ಳೆಯ ಗುರು. ಒಂದನ್ನೂ ಮುಚ್ಚಿಡಲಿಲ್ಲ. ಕೊನೆಯ ಭಾನುವಾರ ಮಾತ್ರ, ಎಲ್ಲ ಹೇಳಿ ಮುಗಿದ ಮೇಲೆ, ದನಿ ತಗ್ಗಿಸಿ ಒಂದು ಮಾತು ಸೇರಿಸಿದಳು.

"ನೀಲಿ ಪುಟದಲ್ಲಿ ಫೈಲುಗಳು ಇಳಿಯೋವಾಗ ಕೂತ್ಕೋಬಾರದು. ಮುಗಿಯೋವರೆಗೂ ನಿಂತೇ ಇರಬೇಕು."

"ಯಾಕತ್ತೆ?"

"ಕೂತ್ರೆ ನೆಲ ಅಲುಗತ್ತೆ. ಹಳೇ ಸಿ.ಡಿ. ಸೂಕ್ಷ್ಮ. ಗೀಚಿಬಿಡತ್ತೆ."

ಯಜಮಾನರು ಅವಸರವಾಗಿ ಎದ್ದು ಅಡುಗೆಮನೆಗೆ ಹೋದರು.

ಅಳಿಯ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಮೂವತ್ತೊಂಬತ್ತು ನಿಮಿಷ ನಿಂತ. ಲಾರಿ ತೂಕದ ಗೂಡಿನಲ್ಲಿ ತಲೆ ತಗುಲುವ ಸೂರಿನ ಕೆಳಗೆ ಬಗ್ಗಿ ನಿಂತ. ಮುದ್ರಣಾಲಯದಲ್ಲಿ ಕುರ್ಚಿ ತಂದಿಟ್ಟರೂ, "ಬೇಡ, ಈಗ ಕೂರಬಾರದು," ಎಂದು ಕೈಕಟ್ಟಿ ನಿಂತ. ಅವನ ಆ ನಿಲುವು ಕಂಡು ಜನರಿಗೆ ಬಲು ಭರವಸೆ ಹುಟ್ಟಿತು. ಇಷ್ಟು ಗಂಭೀರವಾಗಿ ಕೆಲಸ ಮಾಡುವವರನ್ನು ನಾವು ನೋಡಿಯೇ ಇಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಬಾಯಿಂದ ಬಾಯಿಗೆ ಸುದ್ದಿ ಹರಡಿ ಕೀಲಿಕೈ ಕತ್ತರಿಸುವವನು ಬಂದ, ಕಣ್ಣಿನ ಡಾಕ್ಟರು ಬಂದರು, ಪಕ್ಕದೂರಿನ ಕಸೂತಿಯವರೂ ಬಂದರು.

ಐದು ತಿಂಗಳ ಮೇಲೆ ಒಂದು ದಿನ ಮಗಳಿಗೆ ತಡೆಯಲಾಗಲಿಲ್ಲ. ನಿಂತೇ ಇರಬೇಕೆಂಬುದು ಅಮ್ಮ ಕಟ್ಟಿದ ಕಥೆ ಎಂದು ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿಬಿಟ್ಟಳು. ಅಳಿಯ ಅರ್ಧ ಊಟದಲ್ಲೇ ಎದ್ದು ಅತ್ತೆಗೆ ಫೋನ್ ಮಾಡಿದ. ಅಕ್ಕನ ಕಡೆಯಿಂದ ಐದು ನಿಮಿಷ ನಗು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕೊನೆಗೆ ಅವನೂ ನಕ್ಕ. ಇನ್ನು ಮೇಲೆ ಕೂತೇ ಮಾಡುತ್ತೇನೆ ಎಂದು ಶಪಥ ಮಾಡಿದ.

ಮರುದಿನ ಹಲ್ಲಿನ ಡಾಕ್ಟರ ಎರಡನೆಯ ಕಂಪ್ಯೂಟರಿಗೆ ಹೋದ. ಸಿ.ಡಿ. ಹಾಕಿದ, ನೀಲಿ ಪುಟ ಬಂತು. ಆರಾಮವಾಗಿ ಕುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ ಕೂತ.

ಡಾಕ್ಟರು ಒಬ್ಬ ರೋಗಿಯ ಬಾಯಿಯಲ್ಲಿ ಇಕ್ಕಳ ಹಾಗೇ ಬಿಟ್ಟು ಓಡಿಬಂದರು.

"ಏನ್ರೀ ಇದು, ಕೂತುಬಿಟ್ರಲ್ಲ! ಹೋದ ಸಲ ನಿಂತು ಮಾಡಿದ್ದು ಎಷ್ಟು ಚೆನ್ನಾಗಿ ನಡೀತಿದೆ. ಏಳಿ, ಏಳಿ, ದಯವಿಟ್ಟು ನಿಂತ್ಕೊಳ್ಳಿ!"

ಅಳಿಯ ಒಂದು ಕ್ಷಣ ಯೋಚಿಸಿ, ಎದ್ದು ನಿಂತ.